ಚಿಪ್ ಟ್ಯೂನ್‌ನಿಂದ ಸೋಲೋ ಪಿಯಾನೋಗೆ: ಯಾವ ಚಾನೆಲ್ ಇಟ್ಕೊಳ್ಳೋದು, ಯಾವುದನ್ನ ಬಿಡೋದು?

ಒಂಟಿಸ್ವರ:
ಫ್ಯಾಮಿಕಾಂ (ನಿಂಟೆಂಡೊದ ಹಳೇ ಗೇಮ್ ಮಷೀನ್) ಕಾಲದ ಟ್ಯೂನ್, ಅದರ ಸೌಂಡ್ ಚಿಪ್ಪಿಗೆ ಬರೆದದ್ದು. ಚೌಕ ಅಲೆಯ ಎರಡು ಪಲ್ಸ್ ಚಾನೆಲ್, ತ್ರಿಕೋನ ಅಲೆಯ ಒಂದು ಟ್ರಯಾಂಗಲ್, ಜೊತೆಗೆ ಡ್ರಮ್‌ಗೆ ನಾಯ್ಸ್. ಎನ್‌ಎಸ್‌ಎಫ್ ಫೈಲನ್ನ (ಆಟದಿಂದ ತೆಗೆದ ಸಂಗೀತದ ಫೈಲ್) ಮಿಡಿ (ನೋಟ್‌ಗಳ ಪಟ್ಟಿಯ ಫೈಲ್) ಮಾಡಿ ಮ್ಯೂಸ್‌ಸ್ಕೋರ್ ಅನ್ನೋ ನೊಟೇಶನ್ ಸಾಫ್ಟ್‌ವೇರ್‌ಗೆ ಹಾಕಿದ್ದಾಯ್ತು. ಪಲ್ಸ್ ಎರಡೂ ಬಲಗೈಗೆ, ಟ್ರಯಾಂಗಲ್ ಎಡಗೈಗೆ. ಪ್ಲೇಬ್ಯಾಕ್‌ನಲ್ಲಿ ಚೆನ್ನಾಗೇ ಕೇಳತ್ತೆ. ಪಿಯಾನೋ ಮುಂದೆ ಕೂತ್ರೆ ಬಲಗೈಯಲ್ಲಿ ಎರಡು ಲೈನ್ ಒಂದರ ಮೇಲೊಂದು ಹತ್ತಿ ಬೆರಳು ಸಿಕ್ಕಿಕೊಳ್ಳತ್ತೆ, ಎಡಗೈ ಮಾತ್ರ ಒಣಕಲು. ಉದ್ದದ ನೋಟ್‌ಗಳು ಅರ್ಧದಲ್ಲೇ ಸತ್ತೋಗ್ತವೆ. ಲೂಪ್ ಎಲ್ಲಿ ಮುಗಿಸೋದು ಅನ್ನೋದೂ ತಿಳೀತಿಲ್ಲ. ಮಿಡಿಯಲ್ಲಿ ಟೆಂಪೊ 150.2 ಅಂತ ಬರ್ತಿದೆ, ಇದ್ಯಾವ ಲೆಕ್ಕ?

ಮಂದ್ರಸ್ಥಾಯಿ:
ಟೆಂಪೊದ್ದು ಸುಲಭ. ಆ ಕಾಲದ ಸೌಂಡ್ ಡ್ರೈವರ್‌ಗಳು (ಚಿಪ್ಪಿಗೆ ನೋಟ್ ಕೊಡೋ ಪ್ರೋಗ್ರಾಂ) ಸಾಮಾನ್ಯವಾಗಿ ಟಿವಿ ಫ್ರೇಮಿಗೆ ಒಂದು ಸಲ ಎದ್ದು ಕೆಲಸ ಮಾಡ್ತಿದ್ದವು. ಎನ್‌ಟಿಎಸ್‌ಸಿ (ಜಪಾನ್, ಅಮೆರಿಕದ ಟಿವಿ ಪದ್ಧತಿ) ಮಷೀನ್‌ನಲ್ಲಿ ಸೆಕೆಂಡಿಗೆ ಸುಮಾರು 60.1 ಫ್ರೇಮ್. ಹದಿನಾರನೇ ನೋಟಿಗೆ 6 ಫ್ರೇಮ್ ಕೊಟ್ರೆ ಒಂದು ಬೀಟಿಗೆ 24 ಫ್ರೇಮ್, ಅಂದ್ರೆ 150 ಚಿಲ್ಲರೆ. 5 ಫ್ರೇಮ್ ಆದ್ರೆ 180, 7 ಆದ್ರೆ ಹೆಚ್ಚುಕಮ್ಮಿ 129, 8 ಆದ್ರೆ 112–113. ಈ ಮೆಟ್ಟಿಲುಗಳ ನಡುವಿನ ಟೆಂಪೊ ಕಂಡರೆ ಡ್ರೈವರ್ 6, 7, 6, 7 ಅಂತ ಬದಲಾಯಿಸ್ತಾ ಇದೆ ಅಂತ ಅರ್ಥ. ಮಿಡಿ ಇಂಪೋರ್ಟ್‌ನಲ್ಲಿ ನೋಟ್‌ಗಳು ಗ್ರಿಡ್ಡಿನಿಂದ ಆಚೀಚೆ ಸರಿದಿರೋದಕ್ಕೆ ಇದೂ ಒಂದು ಕಾರಣ. ಮೊದಲು ಹದಿನಾರಕ್ಕೆ ಕ್ವಾಂಟೈಸ್ ಮಾಡಿ (ನೋಟ್‌ಗಳನ್ನ ಹದಿನಾರನೇ ನೋಟಿನ ಗ್ರಿಡ್ಡಿಗೆ ಕೂರಿಸಿ), ಆಮೇಲೆ ಟ್ರಿಪ್ಲೆಟ್ ಇರೋ ಕಡೆ ಮಾತ್ರ ಕೈಯಲ್ಲಿ ತಿದ್ದಿ. ತಿರುಗಿಸಿ ಮಾಡಿದ್ರೆ ಇಡೀ ಶೀಟ್ ಟ್ರಿಪ್ಲೆಟ್ ಮಯ.

ಆಕರ ಯಾವ ದೇಶದ ಕಾರ್ಟ್ರಿಡ್ಜಿನದು ಅನ್ನೋದನ್ನೂ ನೋಡಿಕೊಳ್ಳಿ. ಪಾಲ್ (ಯೂರೋಪ್ ಕಡೆಯ ಟಿವಿ ಪದ್ಧತಿ) ಮಷೀನ್ 50 ಫ್ರೇಮ್‌ನದು. ಆಟದ ಕೋಡ್‌ನಲ್ಲಿ ಅದಕ್ಕೆ ಸರಿ ಮಾಡಿಲ್ಲದಿದ್ರೆ 150 ಇದ್ದದ್ದು 125ಕ್ಕೆ ಇಳಿಯತ್ತೆ. ಗಡಿಯಾರ ನಿಧಾನ ಆದ್ದರಿಂದ ಶ್ರುತಿಯೂ ಒಂದು ಸೆಮಿಟೋನ್‌ಗಿಂತ ಸ್ವಲ್ಪ ಜಾಸ್ತಿಯೇ ಕೆಳಗೆ ಬರತ್ತೆ. "ಇದು ಎ ಮೈನರ್ರೋ ಜಿ♯ ಮೈನರ್ರೋ" ಅಂತ ಜಗಳ ಶುರುವಾಗೋದು ಎಷ್ಟೋ ಸಲ ಇಲ್ಲೇ.

ಎಡಗೈ_ಗುಮಾಸ್ತ:
ಚಾನೆಲ್ ಲೆಕ್ಕದಲ್ಲಿ ಕೈ ಹಂಚಿದ್ದೇ ಮೂಲ ತಪ್ಪು. ಚಾನೆಲ್ ಅನ್ನೋದು ಚಿಪ್ಪಿನ ಅನುಕೂಲ, ಸಂಗೀತದ ಭಾಗ ಅಲ್ಲ. ಒಂದೇ ಪಲ್ಸ್ ಎರಡು ಬಾರ್ ಮೆಲೊಡಿ ನುಡಿಸಿ, ಮೂರನೇ ಬಾರಿನಲ್ಲಿ ಕಾರ್ಡ್ ತುಂಬೋಕೆ ಹೋಗಿರತ್ತೆ. ನಾಲ್ಕು ಬಾರ್ ಒಟ್ಟಿಗೆ ಹಿಡಿದು ಪ್ರತಿ ನೋಟನ್ನೂ "ಇದು ಯಾಕೆ ಇಲ್ಲಿದೆ" ಅಂತ ಕೇಳಿ. ಉತ್ತರ ಈ ಐದರಲ್ಲಿ ಒಂದಾಗಿರತ್ತೆ: ಮೆಲೊಡಿ, ಬೇಸ್, ಕಾರ್ಡಿನ ಬಣ್ಣ, ತಾಳ, ಇಲ್ಲಾ ಬರೀ ಎಫೆಕ್ಟ್. ಪಿಯಾನೋಗೆ ಮೊದಲ ಎರಡು ಬೇಕೇಬೇಕು. ಬಣ್ಣಕ್ಕೆ ಒಂದೆರಡು ನೋಟ್ ಸಾಕು. ತಾಳವನ್ನ ಬೇರೆ ರೂಪದಲ್ಲಿ ತರಬೇಕು. ಎಫೆಕ್ಟನ್ನ ಸೀದಾ ಹೊರಗೆ ಹಾಕಿ.

ಎಫೆಕ್ಟ್ ಗುರುತಿಸೋದು ಹೀಗೆ:

ಎರಡನೇ ಪಲ್ಸ್ ಮೊದಲನೆಯದರ ಸ್ವರಗಳನ್ನೇ ಒಂದೆರಡು ಹದಿನಾರನೇ ನೋಟ್ ತಡವಾಗಿ, ಮೆಲ್ಲಗೆ ಹೇಳ್ತಿದ್ರೆ ಅದು ಎಕೋ. ಅಳಿಸಿ. ಆ ಕೆಲಸ ಪೆಡಲ್ ಮಾಡತ್ತೆ. ನಿಮ್ಮ ಬಲಗೈ ಗೋಜಲಿಗೆ ಮುಕ್ಕಾಲು ಪಾಲು ಕಾರಣ ಇದೇ ಇರಬೇಕು. "ಒಂದರ ಮೇಲೊಂದು ಹತ್ತಿ" ಅಂದಾಗಲೇ ಅನುಮಾನ ಬಂತು.

ಮಿಡಿಯಲ್ಲಿ ಒಂದೇ ಸ್ವರ ಏಳೆಂಟು ಸಲ ಅಂಟಿಕೊಂಡು ಮೊಳಗಿದ್ರೆ ಅದು ವಾಲ್ಯೂಮ್ ಎನ್ವಲಪ್, ಅಂದ್ರೆ ಒಂದೇ ನೋಟಿನ ಒಳಗೆ ಸದ್ದು ಏರಿಳಿಯೋ ಕ್ರಮ. ಕನ್ವರ್ಟರ್ ಪ್ರತಿ ವಾಲ್ಯೂಮ್ ಬದಲಾವಣೆಯನ್ನೂ ಹೊಸ ನೋಟ್ ಅಂದುಕೊಂಡಿದೆ. ಸೇರಿಸಿ ಒಂದೇ ನೋಟ್ ಮಾಡಿ.

ಪಕ್ಕಪಕ್ಕದ ಎರಡು ಸ್ವರ ಚಡಪಡಿಸ್ತಿದ್ರೆ ವೈಬ್ರಾಟೊ. ಪಿಯಾನೋದಲ್ಲಿ ಅದಕ್ಕೆ ದಾರಿಯಿಲ್ಲ. ಟ್ರಿಲ್ ಹಾಕೋ ಆಸೆ ಬರತ್ತೆ, ಹಾಕಬೇಡಿ. ಟ್ರಿಲ್ ಕೇಳಿಸೋದು ಎರಡು ಸ್ವರವಾಗಿ, ತೂಗೋ ಒಂದು ಸ್ವರವಾಗಿ ಅಲ್ಲ.

ಟ್ರಯಾಂಗಲ್‌ನಲ್ಲಿ ಮೇಲಿಂದ ದಬದಬ ಅಂತ ಬೀಳೋ ನಾಲ್ಕೈದು ಚೂರು ನೋಟ್ ಇದ್ರೆ ಅದು ಬೇಸ್ ಅಲ್ಲ, ಟಾಮ್ ಡ್ರಮ್ಮಿನ ನಕಲು. ಅದೂ ಹೊರಗೆ.

ತ್ರಿಕೋನ:
ಮೇಲಿನದಕ್ಕೆ ಒಂದು ಸೇರ್ಪಡೆ. ಆ ಚಿಪ್ಪಿನಲ್ಲಿ ಪಲ್ಸಿಗೂ ಟ್ರಯಾಂಗಲ್ಲಿಗೂ ಒಂದೇ ಪೀರಿಯಡ್ ಸಂಖ್ಯೆ ಕೊಟ್ರೆ ಟ್ರಯಾಂಗಲ್ ಒಂದು ಆಕ್ಟೇವ್ ಕೆಳಗೆ ನುಡಿಯತ್ತೆ. ಕೆಲವು ಕನ್ವರ್ಟರ್ ಇದನ್ನ ಲೆಕ್ಕಕ್ಕೆ ತಗೊಳ್ಳಲ್ಲ. ಬೇಸ್ ಲೈನ್ ಸಿ4 ಸುತ್ತಮುತ್ತ ಓಡಾಡ್ತಿದ್ರೆ (ಸಿ4 ಅಂದ್ರೆ ಮಧ್ಯದ ಸಿ) ಮೂಲದ ಜೊತೆ ಕಿವಿಯಿಂದ ಹೋಲಿಸಿ ನೋಡಿ. ಎಡಗೈ ಒಣಕಲು ಅನ್ನಿಸ್ತಿರೋದು ಇದರಿಂದಲೂ ಇರಬಹುದು.

ಇನ್ನೊಂದು: ಟ್ರಯಾಂಗಲ್‌ಗೆ ವಾಲ್ಯೂಮ್ ನಿಯಂತ್ರಣವೇ ಇಲ್ಲ. ಇದ್ರೆ ಪೂರ್ತಿ, ಇಲ್ಲಾಂದ್ರೆ ಇಲ್ಲ. ಹಾಗಾಗಿ ಆ ಕಾಲದ ಸಂಯೋಜಕರು ಬೇಸಿಗೆ ಒತ್ತು ಕೊಟ್ಟದ್ದು ನೋಟಿನ ಉದ್ದದಿಂದ. ಎರಡು ನೋಟಿನ ಮಧ್ಯೆ ಎಷ್ಟು ಖಾಲಿ ಬಿಟ್ಟಿದ್ದಾರೆ ಅನ್ನೋದನ್ನ ಹಾಗೇ ಬರೆದುಕೊಳ್ಳಿ, ಎಲ್ಲಿ ಸ್ಟಕಾಟೊ (ತುಂಡು) ಎಲ್ಲಿ ಟೆನ್ಯುಟೊ (ಪೂರ್ತಿ ಹಿಡಿದದ್ದು) ಅಂತ. ಕ್ವಾಂಟೈಸ್ ಮಾಡುವಾಗ ನೋಟಿನ ಶುರುವನ್ನ ಮಾತ್ರ ಸರಿಪಡಿಸಿ, ಉದ್ದ ಮುಟ್ಟಬೇಡಿ. ಟ್ಯೂನಿನ ಕುಣಿತ ಇರೋದು ಅದರಲ್ಲೇ.

ಎಡಗೈ_ಗುಮಾಸ್ತ:
ಎಡಗೈಗೆ ಒಂದು ಉದಾಹರಣೆ. ಎಲ್ಲರಿಗೂ ಗೊತ್ತಿರೋ ಟೆಟ್ರಿಸ್ ಟ್ಯೂನ್ ತಗೊಳ್ಳೋಣ. ಮೂಲದಲ್ಲಿ ಅದು "ಕೊರೊಬೇನಿಕಿ" ಅನ್ನೋ ರಷ್ಯನ್ ಜನಪದ ಹಾಡು, ಮಟ್ಟಿನ ಹಕ್ಕಿನ ತಲೆನೋವಿಲ್ಲ. ಎ ಮೈನರ್. ಮೊದಲ ಎರಡು ಬಾರ್ ಬಲಗೈಯಲ್ಲಿ: ಇ5, ಬಿ4 ಸಿ5, ಡಿ5, ಸಿ5 ಬಿ4 | ಎ4, ಎ4 ಸಿ5, ಇ5, ಡಿ5 ಸಿ5. ಒಂಟಿ ಬರೆದವು ಕಾಲು ನೋಟ್, ಜೋಡಿ ಬರೆದವು ಎಂಟನೇ ನೋಟ್. ಹಾರ್ಮನಿ ಇ7, ಆಮೇಲೆ ಎ ಮೈನರ್.

ಹೊಸಬರು ಎಡಗೈಗೆ ಇ2–ಇ3, ಇ2–ಇ3 ಅಂತ ಎಂಟನೇ ನೋಟಿನ ಆಕ್ಟೇವ್ ಕುಣಿತ ಬರೀತಾರೆ. 150ರಲ್ಲಿ ಅದು ಸೆಕೆಂಡಿಗೆ 5 ಹೊಡೆತ. ಎಂಟು ಬಾರ್ ಆಗೋಷ್ಟರಲ್ಲಿ ಮುಂಗೈ ಕಲ್ಲಾಗತ್ತೆ. ಅಷ್ಟು ಕಷ್ಟಪಟ್ಟರೂ ಹಾರ್ಮನಿ ಕೇಳಿಸಲ್ಲ, ಬರೀ ಇ.

ಬದಲಿಗೆ: 1 ಮತ್ತು 3ನೇ ಬೀಟಿಗೆ ಇ2. 2 ಮತ್ತು 4ನೇ ಬೀಟಿಗೆ ಜಿ♯3 ಮತ್ತು ಡಿ4, ಎರಡೇ ನೋಟ್. ಇ7 ಅಂತ ಕೇಳಿಸೋಕೆ ಬೇಕಾದ ಮೂರನೆಯದೂ ಏಳನೆಯದೂ ಅದರಲ್ಲೇ ಇದೆ. ಬಿ ಬಲಗೈ ಮೆಲೊಡಿಯಲ್ಲೇ ಬರತ್ತೆ, ಮತ್ತೆ ಬೇಡ. ಮುಂದಿನ ಬಾರ್‌ಗೆ ಎ2, ಮೇಲೆ ಎ3 ಮತ್ತು ಸಿ4. ಜಿ♯ ಅರ್ಧ ಮೆಟ್ಟಿಲು ಹತ್ತಿ ಎ ಆಯ್ತು, ಡಿ ಒಂದು ಮೆಟ್ಟಿಲು ಇಳಿದು ಸಿ ಆಯ್ತು. ಬೆರಳು ಹೆಚ್ಚುಕಮ್ಮಿ ಇದ್ದಲ್ಲೇ. ಈ ಎರಡು ಒಳಸ್ವರಗಳ ನಡೆಯೇ ಟ್ಯೂನಿಗೆ ಮೈ ಕೊಡೋದು, ಆಕ್ಟೇವ್ ಅಲ್ಲ.

ಎರಡನೇ ಸುತ್ತಿಗೆ ಬಲಗೈ ಕೆಳಗೆ ಜೊತೆಸ್ವರ ಸೇರಿಸಿ: ಇ ಕೆಳಗೆ ಬಿ, ಬಿ ಕೆಳಗೆ ಜಿ♯, ಸಿ ಕೆಳಗೆ ಎ, ಡಿ ಕೆಳಗೆ ಬಿ. ಮೊದಲನೆಯದು ನಾಲ್ಕನೆಯ ಅಂತರ, ಉಳಿದವು ಮೂರನೆಯದು. ಆಗ ಎಡಗೈಯ 2, 4ನೇ ಬೀಟಿನಿಂದ ಜಿ♯ ತೆಗೆದು ಡಿ4 ಒಂದನ್ನೇ ಬಿಡಬಹುದು. ಮೇಲೆ ಸೇರಿಸಿದಷ್ಟು ಕೆಳಗೆ ಕಳೀಬೇಕು, ಇಲ್ಲಾಂದ್ರೆ ಮಧ್ಯದಲ್ಲಿ ಗಂಜಿ.

ಮಂದ್ರಸ್ಥಾಯಿ:
ಗಂಜಿ ಅಂದಿದ್ದಕ್ಕೆ: ಸಿ3ಗಿಂತ ಕೆಳಗೆ ಎಡಗೈಯಲ್ಲಿ ಮೂರನೆಯ ಅಂತರ (ಸಿ2–ಇ2 ತರಹ) ಹಾಕಲೇಬೇಡಿ. ಮಂದ್ರದ ತಂತಿಯ ಮೇಲ್ಸ್ವರಗಳು ಒಂದಕ್ಕೊಂದು ಉಜ್ಜಿ ಗುರ್ ಅನ್ನತ್ತೆ. ಅಲ್ಲಿ ಆಕ್ಟೇವ್, ಐದನೆಯದು, ಹತ್ತನೆಯದು ಮಾತ್ರ. ಹತ್ತನೆಯದು ಸಿ–ಇ ಅಂದ್ರೆ ಕೀ ಮಧ್ಯದಿಂದ ಮಧ್ಯಕ್ಕೆ ಸುಮಾರು 21 ಸೆಂಮೀ. ಎಲ್ಲರ ಕೈಗೂ ಎಟುಕಲ್ಲ. ಒಡೆದು ನುಡಿಸೋ ಗೆರೆ ಹಾಕಿಬಿಡಿ, ಕೆಳಗಿನ ನೋಟ್ ಬೀಟಿಗೆ ಸರಿಯಾಗಿ ಬರಬೇಕೋ ಮೇಲಿನದೋ ಅಂತಲೂ ಬರೆದುಬಿಡಿ.

ಮೂರೇ ದನಿ ಇರೋದನ್ನ ನಾಲ್ಕು ಮಾಡೋ ಹುಮ್ಮಸ್ಸೂ ಅಪಾಯ. ಸೂಪರ್ ಮಾರಿಯೋ ಬ್ರದರ್ಸ್‌ನ (1985) ಮೊದಲ ಆ ಹೊಡೆತಗಳನ್ನೇ ನೋಡಿ. ಮೇಲೆ ಇ, ಮಧ್ಯೆ ಎಫ್♯, ತಳದಲ್ಲಿ ಡಿ. ಅಷ್ಟೇ. ಟ್ಯೂನ್ ಸಿ ಮೇಜರ್, ಶುರುವಾಗೋದು ಮಾತ್ರ ಡಿ ಮೇಲೆ ಒಂಬತ್ತನೆಯದು ಕೂತ ಈ ಬಿರುಸಿನ ಕಾರ್ಡಿನಿಂದ. "ಖಾಲಿ ಅನ್ನಿಸ್ತಿದೆ" ಅಂತ ಎ, ಸಿ ಎರಡನ್ನೂ ತುಂಬಿದ್ರೆ ಮೆತ್ತಗಿನ ಹೋಟೆಲ್ ಲಾಬಿ ಕಾರ್ಡ್ ಆಗತ್ತೆ. ತಮಾಷೆ ಹೋಯ್ತು.

ಕರಿಬಿಳಿ88:
ಯಾರೂ ಆರ್ಪೆಜಿಯೊ (ಕಾರ್ಡಿನ ಸ್ವರಗಳನ್ನ ಒಂದಾದ ಮೇಲೊಂದು ನುಡಿಸೋದು) ಬಗ್ಗೆ ಹೇಳ್ಲಿಲ್ಲ. ಒಂದೇ ಚಾನೆಲ್‌ನಲ್ಲಿ ಕಾರ್ಡ್ ಕೇಳಿಸೋಕೆ ಚಿಪ್ ಪ್ರತಿ ಫ್ರೇಮಿಗೂ ಸ್ವರ ಬದಲಾಯಿಸತ್ತಲ್ಲ, ಸಿ–ಇ–ಜಿ ಸೆಕೆಂಡಿಗೆ 20 ಸುತ್ತು. ಅದನ್ನ ಟ್ರೆಮೊಲೊ (ಸ್ವರಗಳನ್ನ ಬೇಗಬೇಗ ಸರದಿಯಲ್ಲಿ ನಡುಗಿಸೋದು) ಆಗಿ ಬರೆದ್ರೆ ಮೂಲದ ಗುಂಗು ಉಳಿಯತ್ತೆ.

ಎಡಗೈ_ಗುಮಾಸ್ತ:
ಒಪ್ಪಲ್ಲ. ಸೆಕೆಂಡಿಗೆ 60 ಸ್ವರ ಅಂದ್ರೆ ಕಿವಿಗೆ ಅದು ಓಟ ಅಲ್ಲ, ಗುಂಯ್‌ಗುಡೋ ಒಂದೇ ಕಾರ್ಡ್. ಹಾಗಾಗಿ ಕಾರ್ಡ್ ಅಂತಲೇ ಬರೀಬೇಕು. ಟ್ರೆಮೊಲೊ ಹಾಕಿದ ತಕ್ಷಣ ಮೂಕಿ ಸಿನಿಮಾದ ಖಳನಾಯಕ ಬಂದ ಹಾಗಾಗತ್ತೆ.

ಕರಿಬಿಳಿ88:
ನಿಧಾನದ ಟ್ಯೂನ್‌ನಲ್ಲಿ ಆ ಕಾರ್ಡ್ ಎರಡು ಬಾರ್ ಹಿಡಿದಿದ್ರೆ? ಪಿಯಾನೋದಲ್ಲಿ ಒಂದು ಸಲ ಹೊಡೆದು ಬಿಟ್ರೆ ಎರಡನೇ ಬಾರ್‌ಗೆ ಏನೂ ಉಳಿದಿರಲ್ಲ.

ಅರ್ಧಪೆಡಲ್:
ಇಬ್ಬರದೂ ಅರ್ಧ ಸರಿ. ಚಿಕ್ಕ ಕಾರ್ಡ್ ಆದ್ರೆ ಒಟ್ಟಿಗೆ ಹೊಡೀರಿ. ಉದ್ದ ಆದ್ರೆ ಎಂಟನೇ ನೋಟಿನಲ್ಲಿ ಒಡೆದು ಹರಡಿ: ತಳ, ಐದನೆಯದು, ಹತ್ತನೆಯದು, ಮತ್ತೆ ಐದನೆಯದು. ಸಿ ಮೇಜರ್‌ಗೆ ಸಿ3–ಜಿ3–ಇ4–ಜಿ3. ಟ್ರೆಮೊಲೊ ಒಂದೇ ಕಡೆ ಕೆಲಸಕ್ಕೆ ಬರತ್ತೆ: ಬಾಸ್ ಫೈಟ್‌ಗೆ ಮುಂಚೆ ಏರಿಕೆ ಕಟ್ಟುವಾಗ, ಅದೂ ಎರಡು ಬಾರ್ ಮೀರದಂತೆ.

ಉದ್ದದ ನೋಟ್ ಸಾಯೋದಕ್ಕೆ. ಪಿಯಾನೋದಲ್ಲಿ ಸ್ವರ ಹೊಡೆದ ಕ್ಷಣದಿಂದಲೇ ಇಳಿಯತ್ತೆ, ಮೇಲಕ್ಕೆ ಹೋದಷ್ಟು ಬೇಗ. ಪಲ್ಸ್ ಚಾನೆಲ್‌ನಲ್ಲಿ ಸಿ6 ನಾಲ್ಕು ಬೀಟ್ ಸಮವಾಗಿ ನಿಂತಿರತ್ತೆ, ಇಲ್ಲಿ ಎರಡನೇ ಬೀಟಿಗೇ ಮಂಕು. ಮೂರು ದಾರಿ ಇವೆ. ಮೆಲೊಡಿಯನ್ನ ಒಂದು ಆಕ್ಟೇವ್ ಕೆಳಗಿಳಿಸಿ, ಸಿ5 ಹೆಚ್ಚು ಹೊತ್ತು ಹಾಡತ್ತೆ. ಅಥವಾ ಆಕ್ಟೇವ್ ಜೋಡಿ ಹಾಕಿ, ಕಿರುಬೆರಳಿಗೆ ಜಾಸ್ತಿ ತೂಕ. ಅಥವಾ ಮೆಲೊಡಿ ನಿಂತಿರೋ ಹೊತ್ತಲ್ಲಿ ಒಳಸ್ವರ ಓಡಾಡಲಿ, ಆಗ ನಿಂತ ಸ್ವರ ಇಳಿದದ್ದು ಕೇಳುಗನಿಗೆ ಗೊತ್ತಾಗಲ್ಲ. ಮೂರನೆಯದು ಎಲ್ಲಕ್ಕಿಂತ ಚೆನ್ನ. ಅದೇ ಸ್ವರವನ್ನ ಮತ್ತೆಮತ್ತೆ ಹೊಡೆಯೋದು ಕೊನೆಯ ಉಪಾಯ.

ಪೆಡಲ್: ಚಿಪ್ ಟ್ಯೂನ್‌ಗಳ ಜೀವ ಇರೋದು ಸ್ಟಕಾಟೊ ಬೇಸಿನಲ್ಲಿ. ಬಾರ್ ಪೂರ್ತಿ ಪೆಡಲ್ ತುಳಿದ್ರೆ ಅದು ಸತ್ತಂತೆ. 1ನೇ ಬೀಟಿನ ಬೇಸಿಗೆ ಮುಟ್ಟಿಸಿ, 2ರಲ್ಲಿ ಬಿಡಿ. ಕ್ರೊಮ್ಯಾಟಿಕ್ ಇಳಿತ ಇರೋ ಕಡೆ ಪ್ರತಿ ಸ್ವರಕ್ಕೂ ಬದಲಾಯಿಸಿ, ಇಲ್ಲಾ ಪೆಡಲ್ಲೇ ಬೇಡ. ಮಧ್ಯದ ಪೆಡಲ್ ನಂಬಿ ಬರೀಬೇಡಿ, ಎಷ್ಟೋ ನೆಟ್ಟಗಿನ (ಅಪ್‌ರೈಟ್) ಪಿಯಾನೋಗಳಲ್ಲಿ ಅದು ಬರೀ ಸದ್ದು ತಗ್ಗಿಸೋ ಬಟ್ಟೆ. ತೀರಾ ಮೇಲಿನ ಸುಮಾರು ಒಂದೂವರೆ ಆಕ್ಟೇವಿಗೆ ಡ್ಯಾಂಪರ್ರೇ (ತಂತಿಯ ಸದ್ದು ನಿಲ್ಲಿಸೋ ಮೆತ್ತೆ) ಇರಲ್ಲ, ಅಲ್ಲಿ ಸ್ಟಕಾಟೊ ಚುಕ್ಕಿ ಇಟ್ರೂ ಸ್ವರ ತುಂಡಾಗಲ್ಲ.

ತ್ರಿಕೋನ:
ಡ್ರಮ್ ಬಗ್ಗೆ. ನಾಯ್ಸ್ ಚಾನೆಲನ್ನ ಮಿಡಿಯಿಂದ ಪೂರ್ತಿ ಅಳಿಸಿ, ಆದ್ರೆ ಸ್ನೇರ್ ಎಲ್ಲೆಲ್ಲಿ ಬೀಳತ್ತೆ ಅನ್ನೋದನ್ನ ಪೆನ್ಸಿಲ್‌ನಲ್ಲಿ ಶೀಟ್ ಮೇಲೆ ಗುರುತು ಹಾಕಿ. ಎಡಗೈ ಕಾರ್ಡ್ ಆ ಗುರುತಿನ ಮೇಲೇ ಬೀಳಬೇಕು. ಕಿಕ್ ಎಲ್ಲೋ ಬೇಸ್ ಅಲ್ಲಿ. ಇಷ್ಟಾದ್ರೆ ಡ್ರಮ್ ಇಲ್ಲದೇನೇ ಡ್ರಮ್ ಕೇಳತ್ತೆ. ಮೇಲೆ ಟೆಟ್ರಿಸ್‌ಗೆ ಹೇಳಿದ 2, 4ರ ಕಾರ್ಡ್ ಮಾಡೋದೂ ಅದನ್ನೇ. ಬಾರಿನ ಕೊನೆಯಲ್ಲಿ ಡ್ರಮ್ ಫಿಲ್ ಇದ್ರೆ ಕೆಳಗೆ ಎರಡು ಹದಿನಾರನೇ ನೋಟ್ ಹಾಕಿ ಮುಂದಿನ ಬೀಟಿಗೆ ತಳ್ಳಿ. ಇಡೀ ಫಿಲ್ ನಕಲು ಮಾಡಹೋದ್ರೆ ಅಂಗೈಯಿಂದ ಕೀಬೋರ್ಡ್ ಬಡಿದ ಹಾಗಿರತ್ತೆ.

ಒಂದೇ ಸ್ವರದ ಹದಿನಾರನೇ ನೋಟ್‌ಗಳು ಸಾಲಾಗಿ ಇವೆಯಾ ನೋಡಿ. 150ರಲ್ಲಿ ಸೆಕೆಂಡಿಗೆ 10, 180ರಲ್ಲಿ 12. ಗ್ರ್ಯಾಂಡ್‌ನಲ್ಲಿ ಕೀ ಪೂರ್ತಿ ಮೇಲೆ ಬರೋಕೆ ಮುಂಚೆಯೇ ಮತ್ತೆ ಹೊಡೆಯೋ ಸನ್ನೆ ಇದೆ. ನೆಟ್ಟಗಿನ ಪಿಯಾನೋದಲ್ಲಿ ಸಾಮಾನ್ಯವಾಗಿ ಇಲ್ಲ, ಅದಕ್ಕೇ ನೋಟ್ ನುಂಗತ್ತೆ. 3-2-1 ಬೆರಳು ಬದಲಾಯಿಸಿದ್ರೂ ಅಲ್ಲಿ ಗ್ಯಾರಂಟಿ ಇಲ್ಲ. ಮೇಲಿನ ಸ್ವರ ಒಂದು, ಅದರ ಕೆಳಗಿನ ಆಕ್ಟೇವ್ ಒಂದು ಅಂತ ಸರದಿ ಮಾಡಿಬಿಡಿ. ಕಿವಿಗೆ ವೇಗ ಅಷ್ಟೇ, ಪ್ರತಿ ಕೀಗೆ ಕೆಲಸ ಅರ್ಧ.

ಹೊಸಕೀಲಿ:
ನಡುವೆ ಒಂದು ಪ್ರಶ್ನೆ. ಸೂಪರ್ ನಿಂಟೆಂಡೊ ಟ್ಯೂನ್ ಆದ್ರೆ ಎಂಟು ಚಾನೆಲ್. ಅದಕ್ಕೂ ಇದೇ ಕ್ರಮಾನಾ?

ಮಂದ್ರಸ್ಥಾಯಿ:
ಕ್ರಮ ಅದೇ, ಜರಡಿ ದೊಡ್ಡದು. ಎಸ್‌ಪಿಸಿ ಫೈಲನ್ನ (ಸೂಪರ್ ನಿಂಟೆಂಡೊದ ಸಂಗೀತದ ಫೈಲ್) ಪ್ಲೇಯರ್‌ನಲ್ಲಿ ಹಾಕಿ ಒಂದೊಂದೇ ಚಾನೆಲ್ ಮ್ಯೂಟ್ ಮಾಡಿ ಕೇಳಿ. ಒಂದು ಚಾನೆಲ್ ಮುಚ್ಚಿದಾಗ "ಏನೋ ತೆಳುವಾಯ್ತು" ಅನ್ನಿಸಿದ್ರೆ ಅದು ಡಬ್ಲಿಂಗ್ (ಅದೇ ಲೈನನ್ನ ಇನ್ನೊಮ್ಮೆ ನುಡಿಸೋದು), "ಏನೋ ಕಾಣೆಯಾಯ್ತು" ಅನ್ನಿಸಿದ್ರೆ ಅದು ಬೇಕು. ಎಡಬಲಕ್ಕೆ ಹಂಚಿದ ಒಂದೇ ತಂತಿವಾದ್ಯದ ಲೈನ್, ಸ್ವಲ್ಪ ಶ್ರುತಿ ತಪ್ಪಿಸಿದ ಜೋಡಿ, ಎರಡು ಚಾನೆಲ್ ಡ್ರಮ್, ಇವೆಲ್ಲ ಹೋದ್ರೆ ಎಂಟು ನಾಲ್ಕಕ್ಕೆ ಇಳಿಯೋದು ಅಪರೂಪವೇನಲ್ಲ.

ಅದರ ಎಕೋ ಬೇರೆ ಥರ. ಹಾರ್ಡ್‌ವೇರ್‌ನದು, 16 ಮಿಲಿಸೆಕೆಂಡಿನ ಮೆಟ್ಟಿಲಲ್ಲಿ ಹೆಚ್ಚೆಂದರೆ 240. ಚಾನೆಲ್ ಆಗಿ ಕಾಣಿಸಲ್ಲ, ಹಾಗಾಗಿ ಅಳಿಸೋದಕ್ಕೂ ಏನಿಲ್ಲ. ಆದ್ರೆ ರೆಕಾರ್ಡಿಂಗ್‌ನಿಂದ ಕಿವಿಯಲ್ಲಿ ಬರೆದುಕೊಳ್ಳೋರು ಮೋಸ ಹೋಗೋದು ಇಲ್ಲೇ. 125ರ ಟೆಂಪೊದಲ್ಲಿ ಎಂಟನೇ ನೋಟ್ ಸರಿಯಾಗಿ 240 ಮಿಲಿಸೆಕೆಂಡ್, ಎಕೋ ಅಲ್ಲಿಗೇ ಬಂದು ಬಿದ್ರೆ ನಿಜವಾದ ನೋಟ್ ಅಂತಲೇ ಅನ್ನಿಸತ್ತೆ. ಎಕೋ ಆಫ್ ಮಾಡೋ ಪ್ಲೇಯರ್ ಬಳಸಿ.

ಮೆಲೊಡಿ ಮಧ್ಯದ ಸ್ಥಾಯಿಯಲ್ಲಿ ಚೆಲ್ಲೋ ತರಹ ಇದ್ದು, ಮೇಲೆ ಹಾರ್ಪ್, ಕೆಳಗೆ ಬೇಸ್ ಇದ್ರೆ ಮೂರು ಕೈ ಬೇಕು ಅನ್ನಿಸತ್ತೆ. ಮೆಲೊಡಿಯನ್ನ ಎರಡೂ ಹೆಬ್ಬೆರಳಿಗೆ ಹಂಚಿ. ಎಡಗೈ ಬೇಸ್ ಹೊಡೆದು ಹಾರುವಾಗ ಬಲ ಹೆಬ್ಬೆರಳು ಮೆಲೊಡಿ ಹಿಡೀಲಿ, ಬಲಗೈ ಮೇಲೆ ಹೋದಾಗ ಎಡ ಹೆಬ್ಬೆರಳು. ಪೆಡಲ್ ಅಂಟಿಸತ್ತೆ. 1830ರ ದಶಕದಲ್ಲಿ ಪಿಯಾನೋ ವಾದಕ ಥಾಲ್ಬರ್ಗ್ ಹೆಸರು ಮಾಡಿದ್ದೇ ಈ ಮೂರು ಕೈ ಉಪಾಯದಿಂದ. ಶೀಟ್‌ನಲ್ಲಿ ಮೆಲೊಡಿ ನೋಟ್‌ಗಳ ಕಡ್ಡಿ ಎಲ್ಲ ಒಂದೇ ದಿಕ್ಕಿಗೆ ಬರೀರಿ, ಓದೋರಿಗೆ ಲೈನ್ ಕಾಣಲಿ.

ಲೂಪ್_ಮುಗಿಯಲ್ಲ:
ಮುಕ್ತಾಯಕ್ಕೆ ಬರ್ತೀನಿ. ಲೂಪ್ ಬರೆದಿರೋದೇ ಮುಗಿಯದಂತೆ. ಕೊನೆಯ ಬಾರ್ ಸಾಮಾನ್ಯವಾಗಿ ಐದನೆಯ ಕಾರ್ಡಿನ ಮೇಲೆ ನಿಂತು ಶುರುವಿಗೆ ತಳ್ಳತ್ತೆ. ಅದಕ್ಕೊಂದು ಮನೆ ಕಾರ್ಡ್ ಅಂಟಿಸಿ "ಢಣ್" ಅಂದ್ರೆ ಹೊಲಿಗೆ ಕಾಣತ್ತೆ.

ಮೊದಲು ಪರಿಚಯದ ಬಾರ್‌ಗಳು ಲೂಪಿನ ಒಳಗಿವೆಯೋ ಹೊರಗೋ ನೋಡಿ. ಹೊರಗಿದ್ರೆ ಆ ಸಾಮಗ್ರಿಯನ್ನ ಕೊನೆಗೆ ಇಟ್ಟುಕೊಳ್ಳಿ, ಅರ್ಧ ವೇಗದಲ್ಲಿ ಮತ್ತೆ ಬಂದ್ರೆ ಅದೇ ಮುಕ್ತಾಯ. ಒಳಗಿದ್ರೆ ಫೇಡ್‌ಔಟನ್ನ ಬರೆದು ತೋರಿಸಬೇಕು: ಕೊನೆಯ ಸುತ್ತಿನಲ್ಲಿ ನಾಲ್ಕು ಬಾರ್‌ಗೊಮ್ಮೆ ಒಂದು ಪದರ ಕಳಚಿ. ಮೊದಲು ಬೇಸಿನ ಆಕ್ಟೇವ್, ಆಮೇಲೆ ಒಳಸ್ವರ, ಕೊನೆಗೆ ಮೆಲೊಡಿ ಮಾತ್ರ ಒಂದು ಆಕ್ಟೇವ್ ಮೇಲೆ. ವೇಗ ಇಳಿಸೋ ಅಗತ್ಯವೇ ಬೀಳಲ್ಲ.

ಎರಡು ಸುತ್ತು ಸಾಕು, ಮೂರನೆಯದಕ್ಕೆ ಹೊಸ ವಿಷಯ ಇದ್ರೆ ಮಾತ್ರ. ಎರಡನೇ ಸುತ್ತನ್ನ ಇಡೀ ಒಂದು ಆಕ್ಟೇವ್ ಎತ್ತಿ "ಬದಲಾವಣೆ" ಅನ್ನೋದು ಸೋಮಾರಿತನ. ಮೆಲೊಡಿ ಎಡಗೈಗೆ ಇಳಿಸಿ ಬಲಗೈಗೆ ಆಫ್‌ಬೀಟ್ ಕಾರ್ಡ್ ಕೊಡಿ, ಅದೇ ನೋಟ್‌ಗಳು ಬೇರೆ ಟ್ಯೂನಿನಂತೆ ಕೇಳತ್ತೆ. ಶ್ರುತಿ ಏರಿಸೋದಾದ್ರೆ ಬರೆಯೋ ಮುಂಚೆ ಬೆರಳಿಟ್ಟು ನೋಡಿ. ಎ ಮೈನರ್‌ನ ಓಟ ಬಿ♭ ಮೈನರ್‌ಗೆ ಹೋದ್ರೆ ಕಾಗದದ ಮೇಲೆ ಐದು ಫ್ಲಾಟ್ ಹೆದರಿಸತ್ತೆ, ಕೈಗೆ ಕಪ್ಪು ಕೀಗಳು ಎಷ್ಟೋ ಸಲ ಇನ್ನೂ ಹಿತ.

ಅರ್ಧಪೆಡಲ್:
ಮ್ಯೂಸ್‌ಸ್ಕೋರ್ ಪ್ಲೇಬ್ಯಾಕ್ ನಂಬಿದ್ದೇ ಮೊದಲ ಪೋಸ್ಟಿನ ಅರ್ಧ ಸಮಸ್ಯೆ. ಅದಕ್ಕೆ ಮೂರು ಆಕ್ಟೇವ್ ಹಾರಿದ್ರೂ ದಣಿವಿಲ್ಲ, ಒಂದೇ ಕೀಯನ್ನ ಎರಡು ಕೈಗೆ ಕೊಟ್ರೂ ಜಗಳವಿಲ್ಲ. ಪ್ರತಿ ಎರಡು ಬಾರ್ ಬರೆದ ಮೇಲೆ ಎದ್ದು ಕೀಬೋರ್ಡ್ ಮೇಲೆ ಅರ್ಧ ವೇಗದಲ್ಲಿ ನುಡಿಸಿ. ಅರ್ಧ ವೇಗದಲ್ಲೇ ಕೈ ತಡವರಿಸಿದ್ರೆ ಆ ಬಾರನ್ನ ಅಭ್ಯಾಸ ಮಾಡಬೇಡಿ, ತಿದ್ದಿ ಬರೀರಿ. ಸ್ಪೆಲಿಂಗ್ ಕೂಡ ನೋಡಿಕೊಳ್ಳಿ: ಮಿಡಿಗೆ ಜಿ♯ ಮತ್ತು ಎ♭ ಒಂದೇ. ಎ ಮೈನರ್‌ನಲ್ಲಿ ಎ♭ ಅಂತ ಬರೆದಿದ್ರೆ ಓದೋರ ಕಣ್ಣು ಅಲ್ಲೇ ಎಡವತ್ತೆ.

ಕರಿಬಿಳಿ88:
ಹಂಚೋ ವಿಚಾರ ಬಂದ್ರೆ: ಅರೇಂಜ್ ಮಾಡಿದ ಮಾತ್ರಕ್ಕೆ ಟ್ಯೂನ್ ನಿಮ್ಮದಾಗಲ್ಲ, ಶೀಟ್ ಮಾರೋಕೆ ಹಕ್ಕುದಾರರ ಲೈಸೆನ್ಸ್ ಬೇಕು. ಟೆಟ್ರಿಸ್‌ದೂ ಅಷ್ಟೇ: ಜನಪದ ಮಟ್ಟು ಎಲ್ಲರದು, ಗೇಮ್ ಬಾಯ್‌ನಲ್ಲಿರೋ ಅರೇಂಜ್‌ಮೆಂಟ್ ಹಾಗಲ್ಲ.

ಒಂಟಿಸ್ವರ:
ಎರಡನೇ ಪಲ್ಸ್ ಎಕೋನೇ, ಬರೀ ಎರಡು ಹದಿನಾರನೇ ನೋಟ್ ತಡ. ಅಳಿಸಿದ ಮೇಲೆ ಬಲಗೈ ಹಗುರ. ಟ್ರಯಾಂಗಲ್ಲೂ ಒಂದು ಆಕ್ಟೇವ್ ಮೇಲಿತ್ತು. ಈಗ ಬಾಕಿ ಇರೋದು ಬಾರ್ 7 ಮಾತ್ರ: ಎಡಗೈ ಡಿ2ರಿಂದ ಎಫ್3–ಸಿ4ಗೆ ಹಾರಬೇಕು, ಎಂಟನೇ ನೋಟಿನ ಅಂತರದಲ್ಲಿ. ಪ್ರತಿ ಸಲ ತಪ್ಪತ್ತೆ.

ಎಡಗೈ_ಗುಮಾಸ್ತ:
150ರಲ್ಲಿ ಅದಕ್ಕೆ ಸಿಗೋದು 0.2 ಸೆಕೆಂಡ್. ಬಲಗೈ ಹೆಬ್ಬೆರಳು ಆ ಬೀಟಿನಲ್ಲಿ ಖಾಲಿ ಇದ್ರೆ ಸಿ4 ಅದಕ್ಕೆ ಕೊಡಿ, ಎಡಗೈಗೆ ಎಫ್3 ಒಂದೇ ಸಾಕು. ಖಾಲಿ ಇಲ್ಲಾಂದ್ರೆ ಡಿ2 ಬದಲು ಡಿ3 ಹಾಕಿ. ಹಿಂದಿನ ಬಾರಿನ ಬೇಸ್ ಎಲ್ಲಿದೆ?

ಒಂಟಿಸ್ವರ:
ಜಿ2ರಲ್ಲಿ.

ಎಡಗೈ_ಗುಮಾಸ್ತ:
ಹಾಗಾದ್ರೆ ಡಿ3 ಹಾಕಿ. ಜಿ2ರಿಂದ ಮೇಲಕ್ಕೆ ಐದನೆಯ ಅಂತರ, ಬೆರಳು 5ರಿಂದ 1, ಕೈ ಎತ್ತೋದೇ ಬೇಡ. ಅಲ್ಲಿಂದ ಎಫ್3–ಸಿ4ಗೆ 5-1 ಹಾಕಿದ್ರೆ ಸರಿಯೋದು ಒಂದು ಅಂಗೈ ದೂರ, ಹಾರೋದಲ್ಲ. ಡಿ2 ಬೇಕೇಬೇಕು ಅನ್ನಿಸಿದ್ರೆ ಬಾರ್ 8ರ ಮೊದಲ ಬೀಟಿಗೆ ಇಡಿ, ಅಲ್ಲಿ ಬಲಗೈ ಕಾಲು ಬೀಟ್ ಸುಮ್ಮನಿದ್ರೆ ಅದರ ಗುಡುಗು ಚೆನ್ನಾಗಿ ಕೇಳತ್ತೆ.